ಗಂಡು ಸಿಂಹಗಳ ಬೆನ್ನು ಹಿಡಿದವರಿಗೆ: ಸಾಬಿ ಸ್ಯಾಂಡ್ಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಬಿನಿಯಲ್ಲಿ ಹುಲಿಗಾಗಿ ಕಾದು ಕೂತು ರೂಢಿ ಇರುವವರು ಈಗ ಮೊಬೈಲಿನಲ್ಲಿ ಆಫ್ರಿಕಾದ ಗಂಡು ಸಿಂಹಗಳ ಜಗಳ ನೋಡಿ ಹುಚ್ಚು ಹಿಡಿಸಿಕೊಂಡಿದ್ದಾರೆ. ನನ್ನ ಹತ್ತಿರ ಬರುವ ಪ್ರಶ್ನೆಗಳೂ ಹೆಚ್ಚುಕಮ್ಮಿ ಒಂದೇ ಥರ. ಅವನ್ನೆಲ್ಲ ಇಲ್ಲಿ ಒಟ್ಟು ಹಾಕಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ದಕ್ಷಿಣ ಆಫ್ರಿಕಾದ ಸಾಬಿ ಸ್ಯಾಂಡ್ಸ್‌ನವು.

ಸಾಬಿ ಸ್ಯಾಂಡ್ಸ್ ಎಲ್ಲಿದೆ? ಎಲ್ಲರೂ ಅದನ್ನೇ ಯಾಕೆ ಹೇಳ್ತಾರೆ?

ಕ್ರೂಗರ್ ರಾಷ್ಟ್ರೀಯ ಉದ್ಯಾನದ ಪಶ್ಚಿಮಕ್ಕೆ ಅಂಟಿಕೊಂಡಿರುವ ಖಾಸಗಿ ಕಾಡು ಇದು. ಸುಮಾರು 65,000 ಹೆಕ್ಟೇರ್. ಸಾಬಿ ಮತ್ತು ಸ್ಯಾಂಡ್ ಅನ್ನೋ ಎರಡು ನದಿಗಳಿಂದ ಹೆಸರು ಬಂದಿದೆ. ಮಲಮಲ, ಲೊಂಡೊಲೋಜಿ, ಸಿಂಗೀಟ ಮುಂತಾದ ಲಾಡ್ಜ್‌ಗಳು ಇರೋದು ಇಲ್ಲೇ. ಕ್ರೂಗರ್‌ಗೂ ಇದಕ್ಕೂ ನಡುವೆ ಇದ್ದ ಬೇಲಿಯನ್ನು 1993ರಲ್ಲಿ ಕಿತ್ತುಹಾಕಿದರು. ಹಾಗಾಗಿ ಸಿಂಹಕ್ಕೆ ಇದು ಬೇರೆ ಕಾಡಲ್ಲ, ಕ್ರೂಗರ್‌ನ ಮುಂದುವರಿದ ಭಾಗ.

ಇಲ್ಲಿನ ವಿಶೇಷ ಅಂದ್ರೆ ಜೀಪು ರಸ್ತೆ ಬಿಟ್ಟು ಪೊದೆಯೊಳಗೂ ಹೋಗಬಹುದು, ಕತ್ತಲಾದ ಮೇಲೂ ಓಡಾಡಬಹುದು. ಒಂದು ಲಾಡ್ಜ್‌ನ ಗೈಡ್ ಬೆಳಿಗ್ಗೆ ಬಿಟ್ಟ ಸಿಂಹವನ್ನು ಪಕ್ಕದ ಲಾಡ್ಜ್‌ನವರು ಸಂಜೆ ನೋಡಿರುತ್ತಾರೆ. ಹೀಗೆ ಎಷ್ಟೋ ವರ್ಷಗಳಿಂದ ಹೆಚ್ಚುಕಮ್ಮಿ ದಿನವೂ ಯಾರೋ ಒಬ್ಬರು ನೋಡಿ ಬರೆದಿಟ್ಟಿದ್ದಾರೆ. ಒಂದು ಗಂಡು ಎಲ್ಲಿಂದ ಬಂತು, ಯಾರನ್ನು ಓಡಿಸಿತು, ಯಾರ ಕೈಲಿ ಸತ್ತಿತು ಅಂತ ಇಷ್ಟು ವಿವರವಾಗಿ ಗೊತ್ತಿರುವ ಜಾಗಗಳು ಆಫ್ರಿಕಾದಲ್ಲೇ ಕಡಿಮೆ. ಸಂಶೋಧನೆಯ ಲೆಕ್ಕದಲ್ಲಿ ಮಾತ್ರ ತಾಂಜಾನಿಯಾದ ಸೆರೆಂಗೆಟಿಯೇ ಮೇಲು. ಅಲ್ಲಿ 1966ರಿಂದ ಸಿಂಹಗಳ ದಾಖಲೆ ಇಡುತ್ತಾ ಬಂದಿದ್ದಾರೆ. ಕೆಳಗೆ ಹೇಳುವ ಎಷ್ಟೋ ವಿಷಯ ಗೊತ್ತಾಗಿದ್ದು ಅಲ್ಲಿಂದ.

ಗಂಡು ಸಿಂಹದ ಟೆರಿಟರಿ ಅಂದ್ರೆ ಏನು? ಮ್ಯಾಪ್ ಇರುತ್ತಾ?

ಗೈಡ್‌ಗಳು ಮ್ಯಾಪ್ ಮೇಲೆ ಬಣ್ಣ ಬಣ್ಣದ ಗೆರೆ ಎಳೆದು ತೋರಿಸ್ತಾರೆ. ನೋಡೋಕೆ ಚೆನ್ನಾಗಿರುತ್ತೆ. ಆದರೆ ಆ ಗೆರೆಯನ್ನು ಜಾಸ್ತಿ ನಂಬಬೇಡಿ.

ಜಾಗಕ್ಕೆ ನಿಜವಾಗಿ ಅಂಟಿಕೊಂಡಿರೋದು ಹೆಣ್ಣುಗಳು. ಅಜ್ಜಿ, ಅಮ್ಮ, ಮಗಳು, ಚಿಕ್ಕಮ್ಮ ಅಂತ ತಲೆಮಾರುಗಟ್ಟಲೆ ಒಂದೇ ಹೊಳೆ, ಅದೇ ಬಯಲಿನ ಸುತ್ತ ಇರುತ್ತವೆ. ಗಂಡು ಬಂದು ಈ ಹೆಣ್ಣುಗಳ ಮೇಲೆ ಹಕ್ಕು ಹಾಕುತ್ತೆ. ಎರಡು ಹಿಂಡು ಹಿಡಿದರೆ ಆ ಎರಡು ಹಿಂಡು ಓಡಾಡುವ ಜಾಗವೆಲ್ಲ ಅದರದ್ದು. ಒಂದು ಹಿಂಡು ಕೈ ತಪ್ಪಿದರೆ ಅಷ್ಟು ನೆಲವೂ ಹೋಯ್ತು. ಪಾಳೆಯಗಾರ ಬದಲಾದರೂ ಊರು ಅಲ್ಲೇ ಇರುತ್ತಲ್ಲ, ಹಾಗೆ.

ಅದಕ್ಕೇ ನಾನು ಎಲ್ಲರಿಗೂ ಹೇಳೋದು: ಗಂಡಿನ ಕಥೆ ಅರ್ಥ ಆಗಬೇಕು ಅಂದ್ರೆ ಹೆಣ್ಣುಗಳ ಲೆಕ್ಕ ಇಡಿ. ಯಾವ ಹಿಂಡಿನಲ್ಲಿ ಎಷ್ಟು ಮರಿ ಇವೆ, ಅವುಗಳಿಗೆ ಎಷ್ಟು ವಯಸ್ಸು, ಯಾವ ಹೆಣ್ಣು ಹಿಂಡು ಬಿಟ್ಟು ಒಂದೇ ಓಡಾಡ್ತಿದೆ. ಇಷ್ಟು ಗೊತ್ತಿದ್ದರೆ ಗಂಡು ಮುಂದೆ ಏನು ಮಾಡಬಹುದು ಅನ್ನೋದು ಅರ್ಧ ಗೊತ್ತಾದ ಹಾಗೆ. ನಮ್ಮಲ್ಲಿ ಹೆಚ್ಚಿನವರು ಕೇಸರ ನೋಡಿ ಮರುಳಾಗಿ ಹೆಣ್ಣುಗಳ ಹೆಸರೂ ಕೇಳೋದಿಲ್ಲ.

ಟೆರಿಟರಿ ಎಷ್ಟು ದೊಡ್ಡದು?

ಬೇಟೆ ಎಷ್ಟು ಸಿಗುತ್ತೆ ಅನ್ನೋದರ ಮೇಲೆ ನಿಂತಿದೆ. ಜಿಂಕೆ, ಕಾಡೆಮ್ಮೆ ತುಂಬಿದ ಕಡೆ ಕೆಲವು ಹತ್ತು ಚದರ ಕಿಲೋಮೀಟರ್ ಸಾಕು. ಕಲಹಾರಿಯಂಥ ಒಣ ನೆಲದಲ್ಲಿ ನೂರಾರು ಚದರ ಕಿಲೋಮೀಟರ್ ಬೇಕು. ಗಂಡುಗಳು ಎಷ್ಟಿವೆ ಅನ್ನೋದೂ ಮುಖ್ಯ. ಒಂಟಿ ಗಂಡಿಗೆ ಒಂದು ಹಿಂಡು ಕಾಯೋದೇ ಕಷ್ಟ. ನಾಲ್ಕೈದು ಇದ್ದರೆ ಹಲವು ಹಿಂಡು ಹಿಡಿಯಬಹುದು.

ಗಡಿ ಹಾಕೋದು ಹೇಗೆ?

ಬೆಳಗಿನ ಜಾವ ಒಂದು ಗಂಡಿನ ಹಿಂದೆ ಜೀಪಿನಲ್ಲಿ ನಿಧಾನಕ್ಕೆ ಹೋಗಿ ನೋಡಿ. ಮಣ್ಣು ರಸ್ತೆಯ ಮಧ್ಯದಲ್ಲೇ ನಡೆಯುತ್ತೆ, ಪಕ್ಕಕ್ಕೂ ಹೋಗಲ್ಲ. ಮುಳ್ಳು ಗಿಡದಲ್ಲಿ ಹೂ ಹುಡುಕೋದಿಲ್ಲ, ವಾಸನೆ ಹುಡುಕುತ್ತೆ. ಸರಿಯಾದ ಪೊದೆ ಸಿಕ್ಕಿದ ತಕ್ಷಣ ನಿಂತು ಎಲೆಗಳಿಗೆ ಮುಖ ಒತ್ತಿ, ಕಣ್ಣು ಮುಚ್ಚಿ, ಕೇಸರವನ್ನೆಲ್ಲ ಅದರೊಳಗೆ ಎಳೆದಾಡುತ್ತೆ. ಆಮೇಲೆ ಹಿಂದಕ್ಕೆ ತಿರುಗಿ ಬಾಲ ಎತ್ತಿ ಎಲೆಯ ತಳಭಾಗಕ್ಕೆ ಉಚ್ಚೆ ಚಿಮುಕಿಸುತ್ತೆ. ಗಾಳಿ ನಿಮ್ಮ ಕಡೆಗಿದ್ದರೆ ಆ ಘಾಟು ಮೂಗಿಗೆ ಬಡಿಯುತ್ತೆ. ಕೊನೆಗೆ ಹಿಂಗಾಲು ಎರಡರಿಂದಲೂ ನೆಲವನ್ನು ಕೆರೆಯುತ್ತೆ. ಮಣ್ಣಿನಲ್ಲಿ ಎರಡು ಉದ್ದ ಗೆರೆ ಉಳಿಯುತ್ತವೆ. ನೂರಿನ್ನೂರು ಹೆಜ್ಜೆ ಹೋಗಿ ಮತ್ತೆ ಇದನ್ನೇ ಮಾಡುತ್ತೆ.

ಎಲೆಯ ತಳಕ್ಕೇ ಯಾಕೆ ಅಂದ್ರೆ ಅಲ್ಲಿ ಮಳೆ, ಬಿಸಿಲು ಬೇಗ ತಾಗಲ್ಲ. ಆದರೂ ಮಳೆ ಬಂದ ಮಾರನೆ ದಿನ ಗಂಡುಗಳು ರೌಂಡ್ಸ್ ಹೊರಡೋದನ್ನು ಗೈಡ್‌ಗಳು ಕಾದು ನೋಡ್ತಾರೆ.

ಘರ್ಜನೆ ಎಷ್ಟು ದೂರ ಕೇಳುತ್ತೆ? ಅದರಿಂದ ಏನು ತಿಳಿಯುತ್ತೆ?

ಗಾಳಿ ಇಲ್ಲದ ರಾತ್ರಿ 8 ಕಿಲೋಮೀಟರ್‌ವರೆಗೂ ಕೇಳುತ್ತೆ. ಸಿನಿಮಾದಲ್ಲಿ ತೋರಿಸುವ ಹಾಗೆ ಬಾಯಿ ತೆಗೆದು ಒಂದು ಸಲ ಗರ್ಜಿಸಿ ನಿಲ್ಲಿಸೋದಲ್ಲ. ಮೊದಲು ಸಣ್ಣ ನರಳಾಟ, ಆಮೇಲೆ ಪೂರ್ತಿ ದನಿಯ ಘರ್ಜನೆಗಳು, ಕೊನೆಗೆ ಗರಗಸ ಎಳೆದ ಹಾಗೆ ಹೂಂ ಹೂಂ ಅಂತ ಚಿಕ್ಕ ಚಿಕ್ಕ ದನಿ. ಒಂದು ನಿಮಿಷದ ಆಸುಪಾಸು. ಹತ್ತಿರ ಇದ್ದರೆ ಕಿವಿಗಿಂತ ಮೊದಲು ಎದೆಗೂಡಿಗೆ ಗೊತ್ತಾಗುತ್ತೆ, ಜೀಪಿನ ತಗಡು ನಡುಗುತ್ತೆ.

ಇಲ್ಲಿ ಗಮನಿಸಬೇಕಾದ್ದು ಯಾರು ಸುಮ್ಮನಿರ್ತಾರೆ ಅನ್ನೋದನ್ನು. ಸ್ವಂತ ಜಾಗ ಇಲ್ಲದ ಅಲೆಮಾರಿ ಗಂಡು ಘರ್ಜಿಸೋದಿಲ್ಲ. ಬೇರೆಯವರ ನೆಲದಲ್ಲಿ ನಿಂತು ಬಾಯಿ ಬಿಟ್ಟರೆ ಪ್ರಾಣಕ್ಕೇ ಕುತ್ತು. ವರ್ಷಗಟ್ಟಲೆ ಸದ್ದಿಲ್ಲದೆ ತಿರುಗಿದ ಎರಡು ಮೂರು ಗಂಡುಗಳು ಒಂದು ರಾತ್ರಿ ಘರ್ಜಿಸೋಕೆ ಶುರು ಮಾಡಿದವು ಅಂದ್ರೆ ಅದೇ ದೊಡ್ಡ ಸುದ್ದಿ.

ಕೇಳುವವರೂ ಲೆಕ್ಕ ಹಾಕ್ತಾರೆ. ಸೆರೆಂಗೆಟಿಯಲ್ಲಿ ರೆಕಾರ್ಡ್ ಮಾಡಿದ ಘರ್ಜನೆಯನ್ನು ಸ್ಪೀಕರ್‌ನಲ್ಲಿ ಹಾಕಿ ಪರೀಕ್ಷೆ ಮಾಡಿದ್ದಾರೆ. ಅಪರಿಚಿತ ದನಿ ಒಂದೇ ಆದರೆ ಹೆಣ್ಣುಗಳು ಧೈರ್ಯವಾಗಿ ಮುನ್ನುಗ್ಗಿದವು, ಮೂರು ದನಿ ಬಂದರೆ ತಮ್ಮ ಸಂಖ್ಯೆ ನೋಡಿಕೊಂಡು ಹಿಂದೆಮುಂದೆ ನೋಡಿದವು. ಜಾಗ ಇರುವ ಗಂಡುಗಳು ಮಾತ್ರ ಎದುರಿಗೆ ಎಷ್ಟು ಜನ ಅಂತ ನೋಡದೆ ಹೋಗಿಬಿಟ್ಟವು!

ಎಲ್ಲ ಸಿಂಹಾನೂ ಒಂದೇ ಥರ ಕಾಣುತ್ತೆ. ಗುರುತು ಹಿಡಿಯೋದು ಹೇಗೆ?

ಮೀಸೆ ಹುಟ್ಟುವ ಜಾಗದಲ್ಲಿ ಸಾಲು ಸಾಲು ಕಪ್ಪು ಚುಕ್ಕೆ ಇರುತ್ತವೆ. ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಒಂದೋ ಎರಡೋ ಬಿಡಿ ಚುಕ್ಕೆ ಇರುತ್ತೆ. ಅವು ಕೆಳಗಿನ ಸಾಲಿನ ಯಾವ ಚುಕ್ಕೆಯ ಮೇಲೆ ಬಂದಿವೆ ಅಂತ ನೋಡಬೇಕು. ಎಡಗಡೆಗೂ ಬಲಗಡೆಗೂ ಬೇರೆ ಬೇರೆ, ಸಾಯೋ ತನಕ ಬದಲಾಗಲ್ಲ. ನಮ್ಮ ಕಾಡುಗಳಲ್ಲಿ ಹುಲಿಯ ಪಟ್ಟೆ ನೋಡಿ ಗುರುತು ಹಿಡೀತಾರಲ್ಲ, ಇಲ್ಲಿ ಈ ಚುಕ್ಕೆಯೇ ಆಧಾರ. ಒಳ್ಳೆ ಫೋಟೋ ಬೇಕಂದ್ರೆ ಸಿಂಹ ಪೂರ್ತಿ ಪಕ್ಕಕ್ಕೆ ತಿರುಗಿದಾಗ ತೆಗೆಯಿರಿ. ಮುಖಾಮುಖಿ ಫೋಟೋ ಗೋಡೆಗೆ ಚೆನ್ನ, ಗುರುತಿಗೆ ಪ್ರಯೋಜನ ಇಲ್ಲ.

ಕಿವಿಯ ಹರುಕು, ಮುರಿದ ಕೋರೆಹಲ್ಲು, ಗಾಯದ ಕಲೆ ಸಹಾಯಕ್ಕೆ ಬರುತ್ತವೆ. ಕೇಸರವನ್ನು ಮಾತ್ರ ನಂಬಬೇಡಿ, ಎರಡು ವರ್ಷದಲ್ಲಿ ಪೂರ್ತಿ ಬೇರೆ ಆಗಿರುತ್ತೆ. ವಯಸ್ಸಿಗೆ ಮೂಗು ನೋಡಿ. ಮರಿಯ ಮೂಗು ಗುಲಾಬಿ ಬಣ್ಣ. ಬೆಳೀತಾ ಬೆಳೀತಾ ಕಪ್ಪು ಚುಕ್ಕೆ ಹರಡುತ್ತೆ. ಅರ್ಧಕ್ಕಿಂತ ಜಾಸ್ತಿ ಕಪ್ಪಾಗಿದ್ದರೆ ಐದು ವರ್ಷ ದಾಟಿದ ಗಂಡು ಅಂತ ಅಂದಾಜು.

ಜೊತೆಗಿರುವ ಗಂಡುಗಳೆಲ್ಲ ಅಣ್ಣತಮ್ಮಂದಿರಾ?

ದೊಡ್ಡ ಗುಂಪುಗಳು ಬಹುಮಟ್ಟಿಗೆ ಹೌದು. ಒಂದೇ ಹಿಂಡಿನಲ್ಲಿ ಹುಟ್ಟಿದ ಸೋದರರು, ದಾಯಾದಿಗಳು. ಎರಡು ಮೂರು ವರ್ಷಕ್ಕೆ ಹಿಂಡಿನಿಂದ ಹೊರಬಿದ್ದು ಒಟ್ಟಿಗೆ ಅಲೆಯುತ್ತವೆ. ಇಬ್ಬರು ಮೂವರ ಗುಂಪಿನಲ್ಲಿ ಸಂಬಂಧವೇ ಇಲ್ಲದವರೂ ಇರ್ತಾರೆ. ಒಂಟಿಯಾಗಿ ಅಲೆಯುತ್ತಿದ್ದವು ದಾರಿಯಲ್ಲಿ ಸಿಕ್ಕಿ ಜೊತೆಯಾಗಿ, ಸಾಯೋವರೆಗೂ ಬಿಟ್ಟಿರದ ಉದಾಹರಣೆಗಳಿವೆ. ಇಂಗ್ಲಿಷಿನಲ್ಲಿ ಈ ಗುಂಪಿಗೆ ಕೋಲಿಷನ್ ಅಂತಾರೆ, ನಾನು ಕೂಟ ಅಂತ ಬರೀತೀನಿ.

ಮಪೋಗೊ ಕಥೆ ನಿಜಾನಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಮಪೋಗೊ ಅನ್ನೋದು ಸಾಬಿ ಸ್ಯಾಂಡ್ಸ್‌ನಲ್ಲಿ ಬೇರೆ ಸಿಂಹಗಳನ್ನು ಕೊಂದು ಹೆಸರಾದ ಒಂದು ಕೂಟ. ಮೂಲ ಕಥೆ ನಿಜ. ಮೇಲೆ ಹಾಕಿದ ಮಸಾಲೆ ಬಹಳ.

ಆರು ಗಂಡುಗಳು: ಮಕುಲು, ರಾಸ್ತಾ, ಪ್ರೆಟಿ ಬಾಯ್, ಡ್ರೆಡ್‌ಲಾಕ್ಸ್, ಕಿಂಕಿ ಟೇಲ್, ಮಿಸ್ಟರ್ ಟಿ. ಮಕುಲು ಎಲ್ಲರಿಗಿಂತ ದೊಡ್ಡವನು. ಮಿಸ್ಟರ್ ಟಿಯ ತಲೆ ಮೇಲೆ ಕೇಸರ ಪಟ್ಟಿಯ ಹಾಗೆ ನಿಂತಿರುತ್ತಿತ್ತು, ಅವನನ್ನು ಸೈತಾನ ಅಂತಲೂ ಕರೀತಿದ್ದರು. 2006ರ ಹೊತ್ತಿಗೆ ಸಾಬಿ ಸ್ಯಾಂಡ್ಸ್‌ನ ಪಶ್ಚಿಮ ಭಾಗಕ್ಕೆ ನುಗ್ಗಿದವು. ಒಂದು ಕೂಟದಲ್ಲಿ ಎರಡು ಮೂರು ಗಂಡು ಇರೋದೇ ಮಾಮೂಲು. ಆರು ಬಂದರೆ ಎದುರಿಗೆ ನಿಲ್ಲೋರು ಯಾರು? ಹಳೆ ಗಂಡುಗಳನ್ನು, ಮರಿಗಳನ್ನು, ಹೆಣ್ಣುಗಳನ್ನೂ ಕೊಂದವು. ಎಷ್ಟು ಅಂತ ಒಬ್ಬೊಬ್ಬರು ಒಂದೊಂದು ಸಂಖ್ಯೆ ಹೇಳ್ತಾರೆ. ನಾನು ಯಾವ ಸಂಖ್ಯೆಯನ್ನೂ ಹೇಳಲ್ಲ, ಯಾಕಂದ್ರೆ ಕಾಡಿನಲ್ಲಿ ಸತ್ತ ಮರಿ ಯಾರ ಲೆಕ್ಕಕ್ಕೂ ಸಿಗಲ್ಲ.

ಮುಂದೆ ಆಗಿದ್ದೇ ನನಗೆ ಹೆಚ್ಚು ಕುತೂಹಲ. ಕಿಂಕಿ ಟೇಲ್ ಮತ್ತು ಮಿಸ್ಟರ್ ಟಿ ಉಳಿದ ನಾಲ್ವರಿಂದ ಬೇರೆಯಾಗಿ ತಮ್ಮದೇ ಜಾಗ ಮಾಡಿಕೊಂಡರು. ಹಿಡಿತ ಜಾಸ್ತಿ ಆಯ್ತು, ಬಲ ಹಂಚಿಹೋಯ್ತು. 2010ರ ಜೂನ್‌ನಲ್ಲಿ ಮಜಿಂಗಿಲಾನೆ ಅನ್ನೋ ಐವರ ಕೂಟ ಬಂತು. ಇವರಿಬ್ಬರೂ ಸೇರಿ ಆ ಐವರಲ್ಲಿ ಒಬ್ಬನನ್ನು ಮುಗಿಸಿದರು. ಉಳಿದ ನಾಲ್ಕು ತಿರುಗಿ ಬಿದ್ದವು, ಕಿಂಕಿ ಟೇಲ್ ಸತ್ತ. ಮಿಸ್ಟರ್ ಟಿ ಓಡಿ ಹಳೆ ಜೊತೆಗಾರರನ್ನು ಸೇರಿಕೊಂಡ, ಅಲ್ಲಿದ್ದ ಅವರ ಮರಿಗಳನ್ನೇ ಕೊಂದ. 2012ರ ಮಾರ್ಚ್‌ನಲ್ಲಿ ಸೆಲಾಟಿ ಅನ್ನೋ ಹೊಸ ಕೂಟ ಬಂದು ಅವನನ್ನು ಕೊಂದಿತು. ಮಕುಲು ಮತ್ತು ಪ್ರೆಟಿ ಬಾಯ್ ಜಾಗ ಬಿಟ್ಟು ಹೋದರು. ವಯಸ್ಸಾದ ಮಕುಲು 2013ರಲ್ಲಿ ಕೊನೆಯ ಸಲ ಕಂಡ.

ಹೀಗೆ ಮಪೋಗೊ ಆಳಿದ್ದು ಸುಮಾರು ಆರು ವರ್ಷ. ಸಿಂಹಗಳ ಲೆಕ್ಕದಲ್ಲಿ ಇದು ದೀರ್ಘ ಆಡಳಿತ. ಆ ಕಾಲದಲ್ಲಿ ಸಾಲಲಾ ಹಿಂಡಿನ ಬಾಲವಿಲ್ಲದ ಒಂದು ಹೆಣ್ಣು ಇತ್ತು. ಮಪೋಗೊ ಬಂದು ಹೋದ ಮೇಲೂ ಅದು ಬದುಕಿತ್ತು. ಅದರ ಬಗ್ಗೆ ಪ್ರಶ್ನೆ ಕೇಳಿದವರು ಯಾರೂ ಇಲ್ಲ.

ಮರಿಗಳನ್ನು ಯಾಕೆ ಕೊಲ್ಲುತ್ತವೆ? ರೇಂಜರ್‌ಗಳು ತಡೀಬಾರದಾ?

ಹೆಣ್ಣಿನ ಜೊತೆ ಮರಿ ಇರುವಷ್ಟು ಕಾಲ, ಅಂದ್ರೆ ಒಂದೂವರೆ ಎರಡು ವರ್ಷ, ಅದು ಮತ್ತೆ ಬೆದೆಗೆ ಬರೋದಿಲ್ಲ. ಗಂಡಿಗೆ ಒಂದು ಹಿಂಡಿನಲ್ಲಿ ಸಿಗೋದು ಸರಾಸರಿ ಎರಡು ಮೂರು ವರ್ಷ. ಹಳೆ ಗಂಡಿನ ಮರಿ ಬೆಳೆಯೋವರೆಗೆ ಕಾದರೆ ತನ್ನ ಸರದಿಯೇ ಮುಗಿದಿರುತ್ತೆ. ಮರಿ ಸತ್ತರೆ ತಾಯಿ ಕೆಲವೇ ದಿನ, ವಾರಗಳಲ್ಲಿ ಮತ್ತೆ ಬೆದೆಗೆ ಬರುತ್ತೆ. ಗರ್ಭ ಸುಮಾರು 110 ದಿನ. ಈಗ ತನ್ನ ಮರಿ ಹುಟ್ಟಿ ದೊಡ್ಡದಾಗೋಕೆ ಸಮಯ ಸಿಕ್ಕಿತು. ಸೆರೆಂಗೆಟಿಯ ದಾಖಲೆಯಲ್ಲಿ ಮರಿಗಳ ಸಾವಿನ ಸುಮಾರು ಕಾಲು ಭಾಗ ಹೀಗೆ ಆಗಿದ್ದು.

ಹೆಣ್ಣುಗಳೇನೂ ಸುಮ್ನೆ ಕೂರಲ್ಲ. ದೊಡ್ಡ ಮರಿ ಇದ್ದರೆ ಕರಕೊಂಡು ತಿಂಗಳುಗಟ್ಟಲೆ ಗಡಿಯಂಚಿನಲ್ಲಿ ಅಲೆಯುತ್ತವೆ. ಗುಂಪು ಕಟ್ಟಿ ಹೊಡೆದಾಡುತ್ತವೆ. ಹೊಸ ಗಂಡು ಬಂದ ಮೊದಲ ಕೆಲವು ತಿಂಗಳು ಕೂಡುತ್ತವೆ, ಆದರೆ ಗರ್ಭ ನಿಲ್ಲೋದಿಲ್ಲ. ಈ ಗಂಡುಗಳು ನಿಲ್ಲೋ ಗಿರಾಕಿಗಳಾ ಅಂತ ಪರೀಕ್ಷೆ ಅದು ಅಂತ ಸಂಶೋಧಕರ ಊಹೆ.

ರೇಂಜರ್‌ಗಳು ತಡೆಯೋದಿಲ್ಲ. ನನ್ನ ಪ್ರಕಾರ ಅದೇ ಸರಿ. ಈಗಿರುವ ನಿಮ್ಮ ಮೆಚ್ಚಿನ ಗಂಡೂ ಹಾಗೇ ಬಂದಿದ್ದು ಅಲ್ವಾ? ಮನುಷ್ಯ ಹಾಕಿದ ಉರುಳಿಗೆ ಸಿಕ್ಕಿಕೊಂಡಿದ್ದರೆ ಡಾಕ್ಟರ್ ಕರೆಸ್ತಾರೆ, ಅದು ಬೇರೆ ಮಾತು.

ಗಂಡು ಬೇಟೆ ಆಡಲ್ಲ, ಕೂತು ತಿನ್ನುತ್ತೆ ಅಂತಾರಲ್ಲ?

ಬಯಲಿನಲ್ಲಿ ನೋಡಿದವರು ಹೇಳಿದ ಮಾತು ಅದು. ಕ್ರೂಗರ್‌ನಂಥ ಪೊದೆ ಕಾಡಿನಲ್ಲಿ ಗಂಡುಗಳು ಚೆನ್ನಾಗಿಯೇ ಬೇಟೆ ಆಡುತ್ತವೆ, ದಟ್ಟ ಪೊದೆಯಲ್ಲಿ ಹೊಂಚು ಹಾಕಿ. 2013ರಲ್ಲಿ ಅಲ್ಲೇ ಸಿಂಹಗಳ ಕೊರಳಿಗೆ ಜಾಡು ತಿಳಿಸುವ ಕಾಲರ್ ಹಾಕಿ ಮಾಡಿದ ಅಧ್ಯಯನವೂ ಪ್ರಕಟವಾಗಿದೆ. ಕಾಡೆಮ್ಮೆ ಕೆಡವೋಕೆ ಗಂಡಿನ ತೂಕವೇ ಬೇಕು. ಹೆಣ್ಣು ಹಿಡಿದಿದ್ದನ್ನು ಕಿತ್ತುಕೊಳ್ಳೋದೂ ನಿಜ, ಅದನ್ನೇನು ಮುಚ್ಚಿಡೋದು.

ಕಪ್ಪು ಕೇಸರದ ಗಂಡೇ ಬಲಶಾಲಿನಾ?

ಸುಮಾರಾಗಿ ಹೌದು. ಸೆರೆಂಗೆಟಿಯಲ್ಲಿ ಬೇರೆ ಬೇರೆ ಕೇಸರ ಹಾಕಿದ ಬೊಂಬೆ ಸಿಂಹಗಳನ್ನು ನಿಲ್ಲಿಸಿ ನೋಡಿದರು, 2002ರಲ್ಲಿ ಫಲಿತಾಂಶ ಪ್ರಕಟವಾಯ್ತು. ಹೆಣ್ಣುಗಳು ಕಪ್ಪು ಕೇಸರದ ಕಡೆ ಹೋದವು, ಗಂಡುಗಳು ಉದ್ದ ಕೇಸರದ ಬೊಂಬೆಯಿಂದ ದೂರ ಇದ್ದವು. ಕಪ್ಪು ಕೇಸರ ಇದ್ದವಕ್ಕೆ ಟೆಸ್ಟೋಸ್ಟೆರಾನ್ ಅನ್ನೋ ಗಂಡು ಹಾರ್ಮೋನ್ ಜಾಸ್ತಿ. ಆದರೆ ಸೆಕೆಯೂ ಜಾಸ್ತಿ. ಮಧ್ಯಾಹ್ನ ನೆರಳಿನಲ್ಲಿ ನಾಲಿಗೆ ಚಾಚಿ ಏದುಸಿರು ಬಿಡ್ತಿರೋ ಕರಿ ಕೇಸರದವನನ್ನು ನೋಡಿದರೆ ಪಾಪ ಅನ್ನಿಸುತ್ತೆ.

ಟ್ರ್ಯಾಕರ್ ಹೆಜ್ಜೆ ಹಿಡಿದು ಹೋಗೋದು ಹೇಗೆ?

ಸಾಬಿ ಸ್ಯಾಂಡ್ಸ್‌ನಲ್ಲಿ ಟ್ರ್ಯಾಕರ್ ಕೂರೋದು ಜೀಪಿನ ಬಾನೆಟ್ ಎಡಮೂಲೆಗೆ ಕಟ್ಟಿದ ಸಣ್ಣ ಸೀಟಿನಲ್ಲಿ. ಹೆಚ್ಚಿನವರು ಅಲ್ಲಿಯದೇ ಶಾಂಗಾನ್ ಜನ. ಕೈ ಎತ್ತಿದರೆ ಗಾಡಿ ನಿಲ್ಲಬೇಕು. ಇಳಿದು ಹೆಜ್ಜೆಯ ಮೇಲೆ ಕಾಲಿಡದೆ ಪಕ್ಕದಲ್ಲಿ ನಿಂತು, ಸೂರ್ಯ ಎದುರಿಗೆ ಬರುವ ಹಾಗೆ ನೋಡ್ತಾರೆ. ಆಗ ಮಣ್ಣಿನ ಅಂಚಿನ ನೆರಳು ಎದ್ದು ಕಾಣುತ್ತೆ. ಪಾದದ ಹಿಂದಿನ ಮೆತ್ತೆಯಲ್ಲಿ ಮೂರು ಉಬ್ಬು, ಉಗುರಿನ ಗುರುತು ಇಲ್ಲ, ಅಂದ್ರೆ ಬೆಕ್ಕಿನ ಜಾತಿ, ದೊಡ್ಡ ಹೆಜ್ಜೆಯಾದರೆ ಸಿಂಹ. ಉಗುರು ಮೂಡಿದ್ದರೆ ಕತ್ತೆಕಿರುಬ. ಹೆಜ್ಜೆಯ ಮೇಲೆ ಇಬ್ಬನಿ ಬಿದ್ದ ಹೊಂಡಗಳಿದ್ದರೆ ರಾತ್ರಿಯದು. ಹುಳ ಹರಿದ ಗೆರೆ ಅದರ ಮೇಲೆ ಹಾದಿದ್ದರೆ ಇನ್ನೂ ಹಳೆಯದು. ಹುಲ್ಲಿಗೆ ಇಳಿದ ಮೇಲೆ ಹೆಜ್ಜೆ ಕಾಣಲ್ಲ. ಆಗ ಇಬ್ಬನಿ ಉದುರಿ ಬಣ್ಣ ಬದಲಾದ ಹುಲ್ಲಿನ ಗೀಟು ನೋಡಿಕೊಂಡು ಹೋಗ್ತಾರೆ.

ಹೆಜ್ಜೆ ಸಿಕ್ಕಿದ ಕಡೆಯಿಂದಲೇ ಹೋಗಬೇಕು ಅಂತೇನಿಲ್ಲ. ಜಾಗ ಗೊತ್ತಿರೋ ಟ್ರ್ಯಾಕರ್, ಈ ಗಂಡು ಹೊಳೆ ಕಡೆಗೇ ಹೋಗಿದೆ ಅಂತ ಅಂದಾಜಿಸಿ ಮುಂದಿನ ರಸ್ತೆಗೆ ಗಾಡಿ ಬಿಡಿಸ್ತಾರೆ. ಅಲ್ಲಿ ಹೆಜ್ಜೆ ದಾಟಿಲ್ಲದಿದ್ದರೆ ಸಿಂಹ ಆ ಎರಡು ರಸ್ತೆಗಳ ಮಧ್ಯದ ಪೊದೆಯಲ್ಲೇ ಇದೆ. ಕಬಿನಿಯಲ್ಲಿ ಜಿಂಕೆ ಹೆದರಿ ಎಚ್ಚರಿಕೆ ಕೂಗು ಹಾಕಿದರೆ ಕಾಲ್ ಬಂತು ಅಂತೀವಲ್ಲ, ಇಲ್ಲೂ ಅದೇ. ಇಂಪಾಲಾ ಅನ್ನೋ ಜಿಂಕೆ ಸೀನಿದ ಹಾಗೆ ಫುಸ್ ಅನ್ನುತ್ತೆ, ಕುಡು ಅನ್ನೋ ದೊಡ್ಡ ಜಿಂಕೆ ಬೊಗಳುತ್ತೆ. ರಣಹದ್ದುಗಳು ನೆಲಕ್ಕಿಳಿಯದೆ ಮರದ ಮೇಲೇ ಕೂತಿದ್ದರೆ ಸಿಂಹ ಇನ್ನೂ ಬೇಟೆಯ ಮೇಲೇ ಇದೆ ಅಂತ ಲೆಕ್ಕ.

ತಿಂಗಳುಗಟ್ಟಲೆ ಕಾಣದ ಗಂಡು ಸತ್ತ ಹಾಗೇನಾ?

ಅಲ್ಲ. ಬೇಲಿ ಇಲ್ಲ, ಪಕ್ಕದಲ್ಲಿ ಸುಮಾರು 19,500 ಚದರ ಕಿಲೋಮೀಟರ್ ಕ್ರೂಗರ್ ಇದೆ. ಇಲ್ಲಿ ಕಾಲರ್ ಹಾಕಿದ ಗಂಡು ಅಪರೂಪ. ಹೊಸ ಹಿಂಡು ಸಿಕ್ಕಿ ಆ ಕಡೆ ಹೋಗಿರಬಹುದು. ಬೆದೆಗೆ ಬಂದ ಹೆಣ್ಣಿನ ಜೊತೆ ಮೂರು ನಾಲ್ಕು ದಿನ ಮಾಯ ಆಗೋದಂತೂ ಮಾಮೂಲು. ಯಾರಾದರೂ ಸತ್ತಿದೆ ಅಂತ ಹಾಕಿದರೆ, ಹೆಣ ನೋಡಿದವರು ಯಾರು ಅಂತ ಮೊದಲು ಕೇಳಿ.

ಕಾದಾಟ ಬಿಟ್ಟರೆ ಕಾಯಿಲೆಯೂ ಇದೆ. ಕ್ರೂಗರ್‌ನಲ್ಲಿ ಕಾಡೆಮ್ಮೆಗಳಿಂದ ಸಿಂಹಕ್ಕೆ ಕ್ಷಯ ಅಂಟಿದೆ. ಬಡಕಲಾಗಿ, ಮುಂಗಾಲಿನ ಮೊಣಕೈ ಕೀಲು ಊದಿದ ಗಂಡು ಕಂಡರೆ ಗೈಡ್‌ಗಳ ಮುಖ ಸಪ್ಪಗಾಗುತ್ತೆ. ಕಾಡಿನ ಗಂಡು ಹತ್ತು ಹನ್ನೆರಡು ವರ್ಷ ಬದುಕಿದರೆ ದೊಡ್ಡದು. ಕೀನ್ಯಾದ ಮಸಾಯಿ ಮಾರದ ಸ್ಕಾರ್‌ಫೇಸ್ 14 ವರ್ಷ ಬದುಕಿ 2021ರ ಜೂನ್‌ನಲ್ಲಿ ವಯಸ್ಸಾಗಿಯೇ ಸತ್ತ. ಅಂಥವು ಬಹಳ ಕಮ್ಮಿ.

ಫೋಟೋ ಜೊತೆ ಲೊಕೇಶನ್ ಹಾಕಬಹುದಾ?

ಬೇಡ. ಫೋನಿನಲ್ಲಿ ಅದನ್ನು ಆಫ್ ಮಾಡಿ. ಅದೇ ಫೋಟೋದ ಹಿಂದೆ ಘೇಂಡಾಮೃಗ ಇರಬಹುದು, ಕೊಂಬಿಗಾಗಿ ಕಾಯೋರಿಗೆ ಅಷ್ಟೇ ಸಾಕು. ಸಿಂಹಕ್ಕೂ ಕುತ್ತು ಇಲ್ಲದಿಲ್ಲ. ಜಿಂಬಾಬ್ವೆಯ ಹ್ವಾಂಗೆಯಲ್ಲಿ ಕಾಲರ್ ಹಾಕಿದ್ದ ಸೆಸಿಲ್ 2015ರ ಜುಲೈನಲ್ಲಿ ಉದ್ಯಾನದ ಗಡಿ ದಾಟಿದಾಗ ಮೋಜಿನ ಬೇಟೆಗಾರನಿಗೆ ಬಲಿಯಾದ.

ನಮ್ಮ ಗಿರ್‌ನಲ್ಲೂ ಹೀಗೇನಾ?

ಸ್ವಲ್ಪ ಬೇರೆ, ನನ್ನ ಕಣ್ಣಿಗೆ ಇನ್ನೂ ಸ್ವಾರಸ್ಯ. ಗುಜರಾತಿನ ಸಿಂಹಗಳಲ್ಲಿ ಗಂಡು, ಹೆಣ್ಣು ಹೆಚ್ಚಾಗಿ ಬೇರೆ ಬೇರೆಯೇ ಇರುತ್ತವೆ. ಅಲ್ಲಿ ಮುಖ್ಯ ಬೇಟೆ ಚುಕ್ಕೆ ಜಿಂಕೆ, ಒಂದು ಜಿಂಕೆಗೆ ದೊಡ್ಡ ಪಂಕ್ತಿ ಸಾಲದು. ಭಾರತೀಯ ವನ್ಯಜೀವಿ ಸಂಸ್ಥೆಯವರು ನೋಡಿದ ಪ್ರಕಾರ, ಗಿರ್‌ನ ಹೆಣ್ಣು ಒಂದಕ್ಕಿಂತ ಹೆಚ್ಚು ಕೂಟದ ಗಂಡುಗಳ ಜೊತೆ ಕೂಡುತ್ತೆ. ಮರಿ ಯಾರದ್ದು ಅಂತ ಯಾವ ಗಂಡಿಗೂ ಖಾತ್ರಿ ಇಲ್ಲ, ಹಾಗಾಗಿ ಕೊಲ್ಲೋಕೆ ಹಿಂಜರಿಯುತ್ತೆ. ಕೂಟದ ಒಳಗೂ ಸಮಪಾಲಿಲ್ಲ, ಮೇಲಿನವನಿಗೆ ಊಟವೂ ಜಾಸ್ತಿ, ಹೆಣ್ಣೂ ಜಾಸ್ತಿ. 2025ರ ಗಣತಿಯಲ್ಲಿ 891 ಸಿಂಹ ಸಿಕ್ಕಿವೆ. ಮೊದಲ ಸಲ ಸಿಂಹ ನೋಡೋರು ಗಿರ್‌ನ ಸಾಸಣ್‌ಗೆ ಹೋಗಿ ಬನ್ನಿ, ಆಫ್ರಿಕಾ ಆಮೇಲೆ ನೋಡೋಣ.

ಹೋಗೋದಾದರೆ ಯಾವಾಗ? ಖರ್ಚು?

ಮೇಯಿಂದ ಸೆಪ್ಟೆಂಬರ್. ಅಲ್ಲಿ ಅದು ಚಳಿಗಾಲ. ಹುಲ್ಲು ಒಣಗಿ ತಗ್ಗಿರುತ್ತೆ, ಪ್ರಾಣಿಗಳು ನೀರಿನ ಹತ್ತಿರ ಬರುತ್ತವೆ. ಬೆಳಿಗ್ಗೆ ತೆರೆದ ಜೀಪಿನಲ್ಲಿ ಕೊರೆಯುತ್ತೆ, ಸ್ವೆಟರ್ ಸಾಲದು, ಟೊಪ್ಪಿ, ಕೈಗವಸು ಇರಲಿ. ಮಲೇರಿಯಾ ಇರುವ ಪ್ರದೇಶ, ಮಾತ್ರೆ ಬಗ್ಗೆ ಹೊರಡುವ ಮೊದಲೇ ಡಾಕ್ಟರನ್ನು ಕೇಳಿ.

ಸಾಬಿ ಸ್ಯಾಂಡ್ಸ್ ಲಾಡ್ಜ್‌ಗಳು ಬಲು ದುಬಾರಿ. ಜೇಬು ನೋಡಿಕೊಳ್ಳೋರು ಕ್ರೂಗರ್‌ನ ಸರ್ಕಾರಿ ಕ್ಯಾಂಪ್‌ಗಳಲ್ಲಿ ಉಳಿದು ಬಾಡಿಗೆ ಕಾರು ಓಡಿಸಿಕೊಂಡು ನೋಡಬಹುದು. ಅಲ್ಲೂ ನಮ್ಮ ಹಾಗೆ ಎಡಗಡೆ ಓಡಿಸೋದು. ಸಟಾರ ಕ್ಯಾಂಪಿನ ಸುತ್ತ ಸಿಂಹ ಚೆನ್ನಾಗಿ ಕಾಣುತ್ತೆ. ರಸ್ತೆ ಬಿಟ್ಟು ಇಳಿಯೋ ಹಾಗಿಲ್ಲ, ಸಂಜೆ ಗೇಟು ಮುಚ್ಚೋದರೊಳಗೆ ವಾಪಸ್ ಬರಬೇಕು.

ಜೀಪಿನಲ್ಲಿ ಎದ್ದು ನಿಂತು ಫೋಟೋ ತೆಗೆದರೆ ಏನಾಗುತ್ತೆ?

ಜೀಪು, ಒಳಗಿರುವ ಜನ ಎಲ್ಲ ಸೇರಿ ಸಿಂಹಕ್ಕೆ ಒಂದೇ ಆಕಾರ, ಅದಕ್ಕೆ ಒಗ್ಗಿಹೋಗಿದೆ. ನೀವು ಎದ್ದರೆ ಆ ಆಕಾರ ಒಡೆದು ಮನುಷ್ಯ ಕಾಣ್ತಾನೆ. ಹೆಚ್ಚಿನ ಸಲ ಎದ್ದು ದೂರ ಹೋಗಿಬಿಡುತ್ತೆ, ಮಿಕ್ಕವರು ನಿಮ್ಮನ್ನು ಬೈಕೋತಾರೆ. ಮರಿ ಜೊತೆಗಿರೋ ಹೆಣ್ಣೋ, ಕೂಡ್ತಿರೋ ಗಂಡೋ ಆಗಿದ್ದರೆ ಗಾಡಿ ಕಡೆಗೇ ಬರಬಹುದು. ಕೂತೇ ತೆಗೀರಿ, ಗೈಡ್ ಗಾಡಿಯನ್ನು ಬೇಕಾದ ಕಡೆ ತಿರುಗಿಸಿ ಕೊಡ್ತಾರೆ.